ಕಸ್ತೂರೆವ್ವನ ಮೂಗಿನ ಪ್ರತಾಪ

ಹುಬ್ಬಳ್ಳಿಯ ಬೆಂಗೇರಿಯಾಚೆ ಇರುವ ನಮ್ಮ ನವಚೇತನ ಕಾಲೊನಿಯಲ್ಲಿ ಒಂದು ಮೂಗು ಇತ್ತು. ನೂರಾ ನಲವತ್ತು ಮನೆಗಳಲ್ಲಿ ಐದುನೂರಕ್ಕೆ ಕಡಿಮೆಯಿಲ್ಲದಷ್ಟು ಮೂಗುಗಳಿದ್ದವು, ನಿಜ. ಅವುಗಳಲ್ಲಿ ಅರ್ಧದಷ್ಟು ಸದಾ ಪಕ್ಕದ ಮನೆಯ ವ್ಯವಹಾರದೊಳಗೇ ಇರುತ್ತಿದ್ದವು. ಆದರೆ ಬರೀ ‘ಮೂಗು’ ಎಂದರೆ ಎಲ್ಲರಿಗೂ ಅರ್ಥವಾಗುತ್ತಿದ್ದದ್ದು ಒಂದೇ: ಪಾಲಿಕೆಯ ಕಸದ ಗಾಡಿಯ ಕಸ್ತೂರೆವ್ವನ ಮೂಗು.

ಆ ಮೂಗಿನ ಪ್ರತಾಪವನ್ನು ಏನೆಂದು ಹೇಳಲಿ! ಬೆಳಗ್ಗೆ ಏಳಕ್ಕೆ ಗಾಡಿ ತನ್ನ ಹಾಡು ಹಾಡುತ್ತ ಬಂದು ಗೇಟಿನ ಮುಂದೆ ನಿಲ್ಲುತ್ತದೆ. ಕಸ್ತೂರೆವ್ವ ಕೆಳಗಿಳಿಯುತ್ತಾಳೆ. ಮುಖಕ್ಕೆ ಸುತ್ತಿದ ಸೆರಗನ್ನು ಮೊಣಕೈಯಿಂದ ಸರಿಸಿ, ತಲೆಯೆತ್ತಿ, ಮೂಗಿನ ತುದಿಯನ್ನು ಎರಡು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಆಡಿಸುತ್ತಾಳೆ. ಅಷ್ಟೇ. ಮರುಕ್ಷಣ ತೀರ್ಪು ಹೊರಬೀಳುತ್ತದೆ: “ಅಕ್ಕಾರ, ನಿನ್ನಿ ಹಿತ್ತಲದಾಗ ಕಸಾ ಸುಟ್ಟೀರಿ, ಹೌದಲ್ರಿ?” ಸುಟ್ಟವರು ನಿಂತಲ್ಲೇ ಬೂದಿಯಾಗುತ್ತಿದ್ದರು.

ಚೌಕದಲ್ಲಿ ಗಾಳಿಯ ಗುಣಮಟ್ಟ ತೋರಿಸುವ ಫಲಕವೊಂದಿದೆ. ಅದು ಗಾಳಿ ಕೆಟ್ಟಿದೆ ಎಂದು ಕೆಂಪು ಅಂಕಿಯಲ್ಲಿ ಹೇಳುತ್ತದೆಯೇ ಹೊರತು, ಕೆಡಿಸಿದವರು ಯಾರೆಂದು ಹೇಳುವುದಿಲ್ಲ. ಮೂಗು ಮನೆಯ ನಂಬರನ್ನೇ ಹೇಳುತ್ತಿತ್ತು. ಪಡುವಣ ಗಾಳಿ ಬೀಸಿದರೆ ಧಾರವಾಡದಾಚೆಯ ಗರಗದವರು ಹೊಲದಲ್ಲಿ ಹತ್ತಿಕಟ್ಟಿಗೆ ಸುಡುತ್ತಿದ್ದಾರೋ ಕಬ್ಬಿನ ಒಣಗರಿಯ ರವದಿಯೋ ಎಂಬುದನ್ನು ಅದು ಇಲ್ಲಿ ನಿಂತೇ ಹೇಳುತ್ತದೆಂದು ಒಬ್ಬರು ಆಣೆಯಿಟ್ಟರು. ಬಚ್ಚಲಿನ ಬಾಗಿಲು ಹಾಕಿಕೊಂಡು ಸೇದಿದ ಬೀಡಿಯನ್ನೂ ಅದು ಹಿಡಿಯುತ್ತದೆಂಬ ಸುದ್ದಿ ಹಬ್ಬಿದ ದಿನ, ಮೂವರು ಗಂಡಸರು ಬೀಡಿಯನ್ನೇ ಬಿಟ್ಟರು.

ಈ ಕೀರ್ತಿ ಕಾಲೊನಿಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ನಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕ ಶಶಿಕುಮಾರ ಅದನ್ನು ಬರೆದುಬಿಟ್ಟ.

ಹವಾಮಾನ ಬದಲಾವಣೆ ತಡೆಯಲು, ಗಾಳಿ ಶುದ್ಧ ಮಾಡಲು ಪಾಲಿಕೆ ಏನೇನು ಮಾಡಿತೆಂಬ ವರ್ಷದ ಪ್ರಗತಿ ವರದಿಗೆ ಪ್ರತಿ ವಾರ್ಡಿನವರೂ ತಮ್ಮ ಪಾಲಿನ ಪುಟ ತುಂಬಬೇಕಿತ್ತು. ನೆಟ್ಟ ಸಸಿ ಎಷ್ಟು, ಬದುಕಿದ ಸಸಿ ಎಷ್ಟು, ರಸ್ತೆಯ ಧೂಳು ಗುಡಿಸಿದ ಯಂತ್ರ ಎಷ್ಟು ಸಲ ಓಡಿತು, ಕಸ ಸುಟ್ಟ ದೂರು ಎಷ್ಟು. ಕೊನೆಯ ಸಾಲಿನಲ್ಲಿ ನಮ್ಮ ವಾರ್ಡಿನದು ನಿಜಕ್ಕೂ ಪ್ರಗತಿಯೇ: ತಿಂಗಳಿಗೆ ಹದಿನೇಳು ಇದ್ದ ದೂರು ಒಂದಕ್ಕೆ ಇಳಿದಿತ್ತು. ಕಾರಣ ಕೇಳುವ ಜಾಗದಲ್ಲಿ ‘ಕಸ್ತೂರೆವ್ವನ ಮೂಗು’ ಎಂದು ಬರೆಯಲು ಶಶಿಕುಮಾರನಿಗೆ ಸಂಕೋಚವಾಯಿತು. ‘ಬಯಲು ಬೆಂಕಿ ಪತ್ತೆಗೆ ಸ್ಥಳೀಯ ಸಂವೇದಕ ವ್ಯವಸ್ಥೆ ಜಾರಿಯಲ್ಲಿದೆ’ ಎಂದು ಬರೆದ. ಮೇಲಿನ ಕಚೇರಿಯ ಧನಶ್ರೀ ಎಂಬ ಅಧಿಕಾರಿ ಅದನ್ನು ಓದಿ, ಸಂವೇದಕವನ್ನು ನೋಡಲು ಬರುತ್ತೇನೆಂದು ದಿನ ಗೊತ್ತು ಮಾಡಿದರು. ಅದು ಯಂತ್ರವಲ್ಲ, ಮೂಗು ಎಂದು ಶಶಿಕುಮಾರ ಒಪ್ಪಿಕೊಂಡಾಗ, ಹಾಗಾದರೆ ಮೂಗನ್ನೇ ಪರೀಕ್ಷೆ ಮಾಡುತ್ತೇನೆ ಎಂದರು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಕಾಲೊನಿಗೆ ಇದು ಗೊತ್ತಾದದ್ದು ಆಮೇಲೆ; ಆಗ ಗೊತ್ತಿದ್ದದ್ದು ಗಾಡಿಯ ಚಾಲಕಿ ಮಾಶಾಬಿಗೆ ಮಾತ್ರ. ಕಸ್ತೂರೆವ್ವನಿಗೆ ವಾಸನೆಯೇ ಬರುತ್ತಿರಲಿಲ್ಲ. ಮಲ್ಲಿಗೆಯದೂ ಇಲ್ಲ, ಮೋರಿಯದೂ ಇಲ್ಲ.

ಮೊದಲು ಆಕೆ ಇದ್ದದ್ದು ಊರಾಚೆಯ ಕಸದ ಯಾರ್ಡಿನಲ್ಲಿ. ಅಲ್ಲಿಯ ಕಸದ ಗುಡ್ಡಕ್ಕೆ ಯಾರೂ ಬೆಂಕಿ ಹಚ್ಚಬೇಕಾಗಿಲ್ಲ; ಒಳಗೊಳಗೇ ಬೇಯುತ್ತದೆ, ಮಳೆಯಲ್ಲೂ ಹೊಗೆಯಾಡುತ್ತದೆ. ಮೂರೇ ವರ್ಷದಲ್ಲಿ ಮೊದಲು ವಾಸನೆ ಹೋಯಿತು, ಆಮೇಲೆ ಎದೆ ಸೊಂಯ್‌ಗುಡತೊಡಗಿತು. “ಇನ್ನೊಂದು ಬ್ಯಾಸಿಗಿ ಅಲ್ಲಿ ನಿಂತರ ಈ ಎದಿ ನಿನ್ನ ಮಾತು ಕೇಳಂಗಿಲ್ಲವಾ” ಎಂದರು ಡಾಕ್ಟರು. ಅದೇ ಹೊತ್ತಿಗೆ ನಮ್ಮ ಗಾಡಿಯ ಹೆಣ್ಣುಮಗಳು ಹೆರಿಗೆ ರಜೆಗೆ ಹೋದಳು. ಆಕೆಯ ಬದಲಿಗೆ ಆರು ತಿಂಗಳಿಗೆಂದು ಕಸ್ತೂರೆವ್ವ ಬಂದಳು. ರಜೆ ಮುಗಿದಾಗ ಯಾರ್ಡಿಗೆ ಮರಳಬೇಕಿತ್ತು. ಅಷ್ಟರಲ್ಲಿ ಮೂಗು ಪ್ರಸಿದ್ಧವಾಗಿತ್ತು, ಶಶಿಕುಮಾರ ಬಿಡಲಿಲ್ಲ. ಕಸ್ತೂರೆವ್ವನಿಗೂ ಆ ಹೊಗೆಯ ಗುಡ್ಡಕ್ಕೂ ನಡುವೆ ಅಡ್ಡ ನಿಂತಿದ್ದದ್ದು ಅದೊಂದು ಮೂಗು, ಅದೂ ಕೆಲಸ ಮಾಡದ ಮೂಗು.

ಹಾಗಾದರೆ ಆಡಿಸುತ್ತಿದ್ದದ್ದು ಯಾಕೆ? ಮೂಗಿನ ತುದಿ ಸದಾ ಕೆರೆಯುತ್ತಿತ್ತು. ಕಸ ಮುಟ್ಟಿದ ಕೈಗವಸಿನಿಂದ ಮೂಗು ಮುಟ್ಟಲು ಬರುವುದಿಲ್ಲ. ಅದಕ್ಕೆ ಆಡಿಸುತ್ತಿದ್ದಳು.

ಪರೀಕ್ಷೆಯ ಹಿಂದಿನ ದಿನ ಶಶಿಕುಮಾರ ಗಾಡಿಯ ಬಳಿ ಬಂದು ವಿಷಯ ತಿಳಿಸಿದ.

“ಮೂರು ಗಲ್ಲಿ, ನಲವತ್ತೆರಡು ಮನಿ. ಒಂದು ಮನಿ ಹಿತ್ತಲದಾಗ ಡಬ್ಬಿಯೊಳಗ ಒಂದ ಹಿಡಿ ಒಣ ಎಲಿ ಸುಡಸ್ತಾರಂತ. ಯಾವ ಮನಿ ಅಂತ ನನಗೂ ಹೇಳಿಲ್ಲ. ನೀ ಹೇಳ್ಬೇಕು, ಅಷ್ಟ.”

“ಹೇಳಲಿಲ್ಲಂದ್ರ ಸಾಹೇಬ್ರ?”

“ಹಂಗ್ಯಾಕಂತಿ? ಹೇಳಲಿಲ್ಲಂದ್ರ ನನ್ನ ವರದಿ ಸುಳ್ಳಾಗ್ತೇತಿ. ನಿನ್ನ ಹೆಸರು ಇನ್ನೂ ಯಾರ್ಡಿನ ಹಾಜರಿ ಪುಸ್ತಕದಾಗ ಐತಿ, ಕಸ್ತೂರೆವ್ವಾ. ಮೂಗಿಲ್ಲಂದ್ರ ನಿನ್ನ ಇಲ್ಲಿ ಇಟಗೊಳ್ಳಾಕ ನಾ ಏನಂತ ಕಾರಣ ಹೇಳ್ಲಿ?”

ಆತ ಕೆಟ್ಟವನಲ್ಲ. ಆತ ಹೋದ ಮೇಲೆ ಕಸ್ತೂರೆವ್ವ ಚಹದಂಗಡಿಯ ಕಟ್ಟೆಯ ಮೇಲೆ ಕುಳಿತಳು. ಕೈಯಲ್ಲಿದ್ದ ಚಹಾ ಕೆನೆಗಟ್ಟಿತು.

“ಏ, ಯಾಕ ಮಾರಿ ಸಪ್ಪಗ ಮಾಡ್ತಿ?” ಎಂದಳು ಮಾಶಾಬಿ. “ನನ್ನ ಮೂಗೇನು ಮೆರವಣಿಗಿಗೆ ಇಟ್ಟೇನೇನ? ಹೊಗಿ ಬಂದ ಮನಿ ಮುಂದ ನಾ ಒಮ್ಮೆ ಕೆಮ್ಮತೇನಿ. ನೀ ಮೂಗು ಆಡಸು. ಕಿಸ್ಸಾ ಖತಂ.”

“ನೀ ಸುಮ್ಮಸುಮ್ಮನ ಕೆಮ್ಮೀಗಿಮ್ಮೀ ಮತ್ತ.”

“ಎಂಟು ತಿಂಗಳ ಜೋಡಿ ಅದೇವಿ. ನಾ ಕೆಮ್ಮಿದ್ದು ಒಂದಿನಾ ಕೇಳೀಯೇನು?”

ಕೇಳಿರಲಿಲ್ಲ. ಕಸ್ತೂರೆವ್ವ ಆ ಧೈರ್ಯದ ಮೇಲೆ ಚಹಾ ಕುಡಿದಳು.

ಆದರೆ ಮರುದಿನ ಅತಿಥಿಗಳಿಗೆ ತಿಳಿಗಾಳಿಯನ್ನೇ ಉಣಬಡಿಸಬೇಕೆಂದು ಪಾಲಿಕೆ ಉತ್ಸಾಹ ತೋರಿತು. ಧೂಳು ಕೂರಿಸಲು ನೀರಿನ ತುಂತುರು ಹಾರಿಸುವ ಫಿರಂಗಿಯೊಂದು ಬೆಳಗಾಗುತ್ತಲೇ ಲಾರಿಯೇರಿ ಬಂತು. ಜನವರಿಯ ಥಂಡಿ. ಫಿರಂಗಿ ಗುಡುಗಿತು, ಕತ್ತು ಹೊರಳಿಸಿತು, ಬಾಗಿಲಿಲ್ಲದ ಗಾಡಿಯಲ್ಲಿ ಕುಳಿತಿದ್ದ ಮಾಶಾಬಿಗೆ ನೆತ್ತಿಯಿಂದ ಅಂಗಾಲಿನವರೆಗೆ ಅಭಿಷೇಕ ಮಾಡಿ ಮುಂದೆ ಹೋಯಿತು.

ಯುದ್ಧಯಾತ್ರೆ ಹೊರಟಿತು. ಮುಂದೆ ಹಾಡುವ ರಥ, ರಥದಲ್ಲಿ ತೊಪ್ಪೆಯಾದ ಸಾರಥಿ, ಪಕ್ಕದಲ್ಲಿ ನಮ್ಮ ವೀರವನಿತೆ. ಹಿಂದೆ ಧನಶ್ರೀ ಮೇಡಂ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ. ಅವರ ಹಿಂದೆ ಉಗುರು ಕಚ್ಚುವ ಶಶಿಕುಮಾರ. ಆಮೇಲೆ ನಮ್ಮ ಕಾಲೊನಿಯ ಹಸಿರು ಸಮಿತಿಯ ಅಧ್ಯಕ್ಷ ರಮಾಕಾಂತರಾಯರು, ನಿವೃತ್ತ ಬ್ಯಾಂಕ್ ಮ್ಯಾನೇಜರು. ದಿನಾ ಬೆಳಗಿನ ವಾಕಿಂಗಿನಲ್ಲಿ ಮೊಬೈಲು ನೋಡಿ ಗಾಳಿಯ ಅಂಕಿಯನ್ನು ಪಂಚಾಂಗದಂತೆ ಓದಿ ಹೇಳುವವರು ಅವರೇ. ಕೊನೆಯಲ್ಲಿ ಸ್ವೆಟರು, ಮಫ್ಲರುಗಳಲ್ಲಿ ಹುದುಗಿದ ನಾವು.

ಮೊದಲನೆಯ ಮನೆಯ ಮುಂದೆಯೇ ಮಾಶಾಬಿ ಕೆಮ್ಮಿದಳು.

ಕಸ್ತೂರೆವ್ವನ ಮುಖ ಅರಳಿತು. ಬಾಯಿ ತೆರೆಯುವಷ್ಟರಲ್ಲಿ ಎರಡನೆಯ ಮನೆ, ಮತ್ತೊಂದು ಕೆಮ್ಮು. ಮೂರನೆಯ ಮನೆಗೆ ಎರಡು ಕೆಮ್ಮು, ಒಂದು ಸೀನು. ಸಂಕೇತವನ್ನು ನಂಬುವುದಾದರೆ ಇಡೀ ಕಾಲೊನಿ ಹೊತ್ತಿ ಉರಿಯುತ್ತಿತ್ತು.

“ಇದ್ಯಾವ ಕೆಮ್ಮ?” ಕಸ್ತೂರೆವ್ವ ಬುಟ್ಟಿ ಸುರುವುವ ನೆಪದಲ್ಲಿ ಪಿಸುಗುಟ್ಟಿದಳು.

“ಥಂಡೀದು.”

“ಹಿಂದಿನ ಮನೀದು?”

“ಅದೂ ಥಂಡೀದ.”

“ಮತ್ತ ಹೊಗಿ ವಾಸನಿ?”

“ಮೂಗು ಕಟ್ಟಿ ಗ್ವಾಡಿ ಆಗೇತಿ ಅಕ್ಕಾ! ಈಗ ನಾನೂ ನಿನ್ನಂಗ ಆದ್ನಿ!”

ಅಲ್ಲಿಂದ ಮುಂದೆ ಕಸ್ತೂರೆವ್ವ ಮನೆಗಳನ್ನು ಎಣಿಸತೊಡಗಿದಳು. ಮೂವತ್ತೊಂಬತ್ತು ಉಳಿದವು. ಮೂವತ್ತು. ಇಪ್ಪತ್ತಾರು. ಪ್ರತಿ ಗೇಟಿಗೂ ಮೂಗು ಆಡಿಸುತ್ತಿದ್ದಳು. ನೋಡುವವರಿಗೆ ಅದು ಅದೇ ಹಳೆಯ ಮಹಿಮೆ.

ಇಪ್ಪತ್ತನೆಯದು ಪ್ರಭಾವತಿ ಟೀಚರ ಮನೆ. ಡಬ್ಬಿ ಇದ್ದದ್ದು ಅಲ್ಲೇ, ಹಿತ್ತಲಿನ ನೀರಿನ ಟಾಕಿಯ ಮರೆಯಲ್ಲಿ. ಬಾದಾಮಿ ಎಲೆಯ ಸುಟ್ಟ ವಾಸನೆ ನೆಗಡಿಯಾದ ನಮಗೂ ಹತ್ತಿತು. ಕಸ್ತೂರೆವ್ವ ಟೀಚರ ಹಸಿ ಕಸದ್ದು, ಒಣ ಕಸದ್ದು ಎರಡೂ ಬುಟ್ಟಿ ತೆಗೆದುಕೊಂಡಳು, ಸುರುವಿದಳು, ಮೂಗು ಆಡಿಸಿದಳು, ಮುಂದಿನ ಮನೆಗೆ ನಡೆದಳು.

ಶಶಿಕುಮಾರ ಕಣ್ಣು ಮುಚ್ಚಿಕೊಂಡ. ಧನಶ್ರೀ ಹಾಳೆಯ ಮೇಲೆ ಏನೋ ಗೀಚಿದರು. ಗಾಡಿ ನಾಲ್ಕು ಮನೆ ದಾಟಿದ ಮೇಲೆ ಟೀಚರಿಗೆ ತಡೆಯಲಾಗಲಿಲ್ಲ.

“ಮೇಡಂ, ಓಡಿ ಹೋಗಿ ಕಿವ್ಯಾಗ ಒಂದ ಮಾತು ಹೇಳಿ ಬರ್ಲೇನ್ರಿ?”

“ಪರೀಕ್ಷಾದಾಗ ಹೇಳಿಕೊಡಬಾರದ್ರಿ ಟೀಚರ.”

“ಮೂವತ್ತಾರು ವರ್ಷ ಹೇಳಿಕೊಟ್ಟ ಚಾಳಿ ನೋಡ್ರಿ, ಬಾಯಿ ಕೇಳಂಗಿಲ್ಲ.”

ಹತ್ತು ಉಳಿದವು. ಐದು. ಎರಡು. ಕೊನೆಯದು, ನಲವತ್ತೆರಡನೆಯದು, ಸ್ವತಃ ರಮಾಕಾಂತರಾಯರದು. ಗೇಟಿನ ಮೇಲೆ ‘ಶೂನ್ಯ ಕಸದ ಮನೆ’ ಎಂಬ ಹಸಿರು ಚೀಟಿ ಮಿಂಚುತ್ತಿತ್ತು; ಒಣ ಕಸವನ್ನೇ ಹೊರಹಾಕದ ಮನೆಗೆ ಸಮಿತಿಯವರು ಕೊಡುವ ಗೌರವ. ಸಮಿತಿಯ ಅಧ್ಯಕ್ಷರು ಯಾರೆಂಬುದನ್ನು ಆಗಲೇ ಹೇಳಿದ್ದೇನೆ. ರಾಯರು ಮುಂದೆ ಬಂದು, ತರಕಾರಿ ಸಿಪ್ಪೆಯ ಪುಟ್ಟ ಬುಟ್ಟಿಯನ್ನು ಪ್ರಸಾದದಂತೆ ನೀಡಿದರು. ಬುಟ್ಟಿಯನ್ನು ಸದ್ದಾಗುವಂತೆ ಇಟ್ಟಳೆಂದು ಹಿಂದೊಮ್ಮೆ ಒಬ್ಬ ಕೆಲಸದವಳನ್ನು ಒಂದೇ ಫೋನಿನಲ್ಲಿ ವಾರ್ಡಿನಿಂದ ಎತ್ತಿಸಿದವರು ಅವರು. ಕಸ್ತೂರೆವ್ವನಿಗೂ ಅದು ಗೊತ್ತಿತ್ತು.

ಆಕೆ ಬುಟ್ಟಿ ನೋಡಿದಳು. ಚೀಟಿ ನೋಡಿದಳು. ಆಚೆ ತಿರುಗಿ ಮಾಶಾಬಿಯನ್ನು ನೋಡಿದಳು. ಮಾಶಾಬಿ ಕೆಮ್ಮಿದಳು, ಥಂಡಿಯದೇ. ಕಸ್ತೂರೆವ್ವನ ಎದೆ ಸೊಂಯ್‌ಗುಡುವುದು ನಮಗೆಲ್ಲ ಕೇಳಿಸಿತು. ಈ ಸಲ ಮೂಗು ಅಲುಗಲಿಲ್ಲ.

“ಇಲ್ಲಿ ಸುಡಾಕತ್ತಾರ್ರಿ.”

ರಾಯರು ಮೊದಲು ನಕ್ಕರು. “ಏನಂದ್ಯವಾ? ಧನಶ್ರೀಯವರ, ಪರೀಕ್ಷಾದ ಮನಿ ಟೀಚರದಲ್ಲೇನ್ರಿ? ಈಕಿ ಮೂಗು ಕೆಟ್ಟದ. ಪಾಪ, ವಯಸ್ಸಾತು.”

“ಹಿತ್ತಲಾ ನೋಡ್ರಿ” ಎಂದಳು ಕಸ್ತೂರೆವ್ವ.

ಧನಶ್ರೀ ಗೇಟು ತೆರೆದು ನಡೆದೇಬಿಟ್ಟರು. ಹಿತ್ತಲಿನ ಬಚ್ಚಲಿಗೆ ಹೊಂದಿ ತಾಮ್ರದ ಬಂಬ, ಸ್ನಾನದ ನೀರು ಕಾಯಿಸುವ ಹಿರಿಯರ ಕಾಲದ್ದು, ಬುಸುಗುಡುತ್ತಿತ್ತು. ಪಕ್ಕದಲ್ಲಿ ಉರುವಲು: ತೊಳೆದು ಒಣಗಿಸಿದ ಹಾಲಿನ ಪಾಕೀಟುಗಳು, ಪಾರ್ಸೆಲ್ಲಿನ ಡಬ್ಬಿಗಳು, ಥರ್ಮೋಕೋಲಿನ ತುಂಡುಗಳು, ಎಡಗಾಲಿನ ಒಂದು ರಬ್ಬರ್ ಚಪ್ಪಲಿ. ಬಲಗಾಲಿನದು ಒಳಗೆ ಪಂಚಭೂತಗಳಲ್ಲಿ ಲೀನವಾಗುತ್ತಿತ್ತು.

“ಇದು ಸುಡೂದಲ್ರಿ!” ರಾಯರು ಎದೆಯುಬ್ಬಿಸಿದರು. “ಇದು ನೀರು ಕಾಸೂದು! ಕರೆಂಟಿಲ್ಲ, ಗ್ಯಾಸಿಲ್ಲ, ಭೂಮಿಗೆ ಭಾರಿಲ್ಲ. ಇಂಧನ ಉಳಿತಾಯ ಅಂತ ವರದಿಯೊಳಗ ನಂದ ಉದಾಹರಣಿ ಅದ. ತಗೀರಿ ಶಶಿಕುಮಾರ, ಏಳನೇ ಪುಟ!”

ಶಶಿಕುಮಾರ ತೆಗೆದ. ಇತ್ತು. ಫೋಟೋ ಸಮೇತ ಇತ್ತು.

ನಾವು ಗೆದ್ದೆವೆಂದು ಕೇಕೆ ಹಾಕುವವರಿದ್ದೆವು. ಅಷ್ಟರಲ್ಲಿ ಧನಶ್ರೀ ಕಸ್ತೂರೆವ್ವನ ಕಡೆ ತಿರುಗಿದರು. “ಒಂದ ಮಾತು ಹೇಳ್ರಿ. ಬಂಬದ ಹೊಗಿ ಗೇಟಿನಾಗ ನಿಂತು ಹಿಡದ್ರಿ. ಟೀಚರ ಮನಿ ಡಬ್ಬಿ ಹತ್ತ ಹೆಜ್ಜಿ ಮ್ಯಾಲ ಇತ್ತು, ಅದು ಹೆಂಗ ತಪ್ಪಿತು?”

ಕಸ್ತೂರೆವ್ವ ಕೈಗವಸು ಕಳಚಿದಳು, ಮತ್ತೆ ಹಾಕಿಕೊಂಡಳು.

“ನನಗ ವಾಸನೀನ ಬರಂಗಿಲ್ರಿ ಬಾಯಾರ. ಯಾರ್ಡಿನ ಹೊಗ್ಯಾಗ ಹೋತು. ಮೂಗು ಕೆರೀತಿತ್ತು, ಆಡಸ್ತಿದ್ದೆ. ಇವರೆಲ್ಲಾ ಅದನ್ನ ದೊಡ್ಡದು ಮಾಡಿದ್ರು, ನಾ ಬಾಯಿ ಮುಚ್ಚಗೊಂಡ ಕುಂತೆ. ತಪ್ಪಾತ್ರಿ.”

ಮಾಶಾಬಿ ಗಾಡಿಯ ಹಾಡು ಬಂದ್ ಮಾಡಿದಳು.

“ಮತ್ತ ಸುಡೂ ಮನಿ ಹೆಂಗ ಪತ್ತೆ ಹಚ್ಚತೀರಿ?”

“ಹೇಳ್ತೇನ್ರಿ. ಮೊದಲ ಯಾರ್ಡಿನ ಮಾತು ಹೇಳ್ರಿ. ಅಲ್ಲಿಗೆ ಕಳಸಿದ್ರ ನಾ ಉಳ್ಯಾಂಗಿಲ್ರಿ.”

ಧನಶ್ರೀ ತಮ್ಮ ಹಾಳೆ ನೋಡಿದರು. ಕಸ ಸುಟ್ಟ ದೂರು ಹದಿನೇಳು, ಅದರ ಮುಂದೆ ಒಂದು. “ಹೊಗಿ ಅಂತೂ ಖರೇನ ಕಡಿಮಿ ಆಗೇತಿ” ಎಂದರು ಕೊನೆಗೆ. “ಶಶಿಕುಮಾರ, ಇವರ ಹೆಸರು ಯಾರ್ಡಿನ ಪುಸ್ತಕದಿಂದ ಇವತ್ತ ತಗದು ಈ ಗಾಡಿಗೆ ಹಚ್ಚರಿ. ಹಂಗ ವರದಿಯೊಳಗಿನ ‘ಸಂವೇದಕ’ನೂ ತಗೀರಿ. ಏಳನೇ ಪುಟಾನೂ.”

ಶಶಿಕುಮಾರ ಮೂರನ್ನೂ ಬರೆದುಕೊಂಡ. ಕಸ್ತೂರೆವ್ವ ಗಾಡಿಯ ಅಂಚು ಹಿಡಿದು ನಿಂತಳು.

ನಾವು ಮಾತ್ರ ಬಿಡಲಿಲ್ಲ. ಮೂಗಲ್ಲದಿದ್ದರೆ ಕಿವಿಯೇ ಇರಬೇಕು, ಬಂಬದ ಬುಸುಗುಟ್ಟುವಿಕೆ ಕೇಳಿಸಿರಬೇಕೆಂದರು ಟೀಚರು. ಯಾರೋ ಚಾಡಿ ಹೇಳಿದ್ದಾರೆ, ತನಿಖೆಯಾಗಬೇಕೆಂದರು ರಾಯರು. ಆಕೆಯ ಹಣೆಯಲ್ಲೊಂದು ಕಾಣದ ಕಣ್ಣಿದೆಯೆಂದು ಬೀಡಿ ಬಿಟ್ಟ ಮೂವರಲ್ಲೊಬ್ಬರು ಕೈಮುಗಿದೇಬಿಟ್ಟರು.

“ಹೇಳ್ರಿ ಈಗ” ಎಂದರು ಧನಶ್ರೀ, ಪೆನ್ನು ಸಜ್ಜುಮಾಡಿಕೊಂಡು. “ಈ ವಿದ್ಯಾ ಏನು?”

“ವಿದ್ಯಾ ಎಲ್ಲೀದ್ರಿ ಬಾಯಾರ” ಎಂದಳು ಕಸ್ತೂರೆವ್ವ. “ಒಣ ಕಸಾ ಕೊಡದವರು ಸುಡ್ತಾರ, ಅಷ್ಟ. ಈ ರಾಯರ ಮನಿಗೆ ದಿನಾ ನಾಕ ಹಾಲಿನ ಪಾಕೀಟು ಒಳಗ ಹೋಗ್ತಾವು. ಎಂಟು ತಿಂಗಳಾತು, ಒಂದೂ ನನ್ನ ಗಾಡಿಗೆ ಬಂದಿಲ್ಲ.”