ಅಜ್ಜಿಯ ಹೆಬ್ಬೆಟ್ಟು

ಜಗಳೂರಿನ ಗ್ರಂಥಾಲಯದಲ್ಲಿ ಹಳೆಯ ಕಾಗದಪತ್ರಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಟ್ಟಿದ್ದಾರೆ ಎಂದು ಕೇಳಿ ಮೊನ್ನೆ ಹೋಗಿದ್ದೆ. ಅದರೊಳಗೆ ನಮ್ಮ ಮೇಷ್ಟ್ರ ದುಂಡು ಅಕ್ಷರ ಕಂಡದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುತ್ತೇನೆ.

ಬಿಳಿಚೋಡಿನಲ್ಲಿ ನನಗೆ ಪಾಠ ಹೇಳಿದವರು ಅವರು. ರಿಟೈರ್ ಆದಮೇಲೆ ಸುತ್ತಲ ಹಳ್ಳಿಗಳ ಹಳೆಯ ಕಾಗದ ಉಳಿಸುವ ಹುಚ್ಚು ಹತ್ತಿಸಿಕೊಂಡು ಮನೆಮನೆ ತಿರುಗುತ್ತಿದ್ದರು. ನಮ್ಮನೆಯಲ್ಲೂ ಒಂದಿದೆ ಸಾರ್ ಎಂದು ನಾನು ಹೆಮ್ಮೆಯಿಂದ ಹೇಳಿಬಿಟ್ಟೆ. ಆಗಲೇ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೆ!

ಅದು ಹಿಂದೆ ನಮ್ಮ ಕೇರಿಯವರು ಬರೆಸಿದ ಅರ್ಜಿ. ನಮ್ಮ ಮಕ್ಕಳನ್ನು ಶಾಲೆಯ ಜಗುಲಿಯಲ್ಲಲ್ಲ, ಒಳಗೆ ಕೂರಿಸಿ ಎಂಬ ಬೇಡಿಕೆ. ಎರಡು ಪ್ರತಿ ಮಾಡಿಸಿ ಒಂದನ್ನು ಇಟ್ಟುಕೊಂಡಿದ್ದರು. ಕೆಳಗೆ ಎಲ್ಲರ ಹೆಬ್ಬೆಟ್ಟುಗಳು. ಗಂಡಸರ ನಡುವೆ ಒಂದೇ ಒಂದು ಹೆಂಗಸಿನದು, ನನ್ನ ಅಜ್ಜಿಯದು. ಅಜ್ಜಿಯ ಫೋಟೊ ಇಲ್ಲ, ಮಣ್ಣು ಮಾಡಿದ ಜಾಗವೂ ಗೊತ್ತಿಲ್ಲ. ಅವ್ವ ಆಗಾಗ ಅರ್ಜಿ ತೆಗೆದು ಆ ಕಪ್ಪು ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟು, ಮತ್ತೆ ಮಡಚಿಡುತ್ತಿದ್ದಳು...

"ಬ್ಯಾಡ ಕಣೋ, ಮನ್ಯಾಗೇ ಇರ್ಲಿ" ಎಂದಳು ಅವ್ವ. ಗೆದ್ದಲು ತಿಂದರೆ ಏನು ಮಾಡುತ್ತೀ ಎಂದು ಗದರಿಸಿ ನಾನೇ ಒಯ್ದು ಕೊಟ್ಟೆ.

ತಿಂಗಳಾದ ಮೇಲೆ ಮೇಷ್ಟ್ರು ನನ್ನನ್ನೂ ಅವ್ವನನ್ನೂ ಕರೆಸಿದರು. ಶಾಲೆಯಲ್ಲಿ ಪ್ರತಿಯೊಂದನ್ನೂ ಫೇರ್ ಕಾಪಿ ಮಾಡಿಸುತ್ತಿದ್ದ ಮನುಷ್ಯ! ಬಿಳಿ ಹಾಳೆಯಲ್ಲಿ ಅರ್ಜಿಯನ್ನು ಒಂದಕ್ಷರ ಬಿಡದೆ ಬರೆದಿಟ್ಟಿದ್ದರು. ಅವ್ವನಿಗೆ ಓದು ಬಾರದು. ಹಾಳೆಯ ಕೆಳಗೆಲ್ಲ ಹುಡುಕಿ ಕೇಳಿದಳು, "ನಮ್ಮವ್ವನ ಹೆಬ್ಬೆಟ್ಟು ಎಲ್ಲೈತ್ರೀ ಸಾರ್?"

"ಇಲ್ಲೈತಲ್ಲಮ್ಮಾ, ಹೆಸರಿನ ಮುಂದೆ ಹೆಬ್ಬೆಟ್ಟು ಅಂತ ಬರ್ದೀನಲ್ಲ. ಹಳೇದಕ್ಕೆ ಹುಳ ಬಿದ್ದಿತ್ತು. ಬ್ಯಾರೆ ಕಾಗ್ದಕ್ಕೂ ಹತ್ಕೊಂತಾವೆ ಅಂತ ಬಚ್ಚಲ ಒಲೆಗೆ ಹಾಕ್ದೆ."

ಎಷ್ಟು ಸಮಾಧಾನವಾಗಿ ಹೇಳಿದರು! ಟೀ ಬೇರೆ ತರಿಸಿದರು. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದರಂತೆ, ಹಾಗಾಯಿತು ಅವರ ಉಳಿಸುವ ಕೆಲಸ. ನಿಮ್ಮ ಕೈ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿದೆ. ಅವ್ವ ಟೀ ಮುಟ್ಟದೆ ಎದ್ದು ಬಂದಳು.

ಈಗ ಅವ್ವನೂ ಇಲ್ಲ. ಗಾಜಿನ ಪೆಟ್ಟಿಗೆಯ ಮೇಲೆ ಮೇಷ್ಟ್ರ ಹೆಸರಿದೆ, ಮುಂದೆ 'ಉಳಿಸಿಕೊಟ್ಟವರು' ಎಂದು ದಪ್ಪಗೆ ಬರೆದಿದ್ದಾರೆ. ನಾನು ಅಲ್ಲೇ ನಿಂತಿದ್ದನ್ನು ನೋಡಿ ಗ್ರಂಥಾಲಯದಾಕೆ ಹತ್ತಿರ ಬಂದರು.

"ಇದ್ರಾಗೆ ನಿಮ್ಮೋರು ಯಾರಾದ್ರೂ ಅದಾರೇನ್ರೀ?"

"ನಮ್ಮಜ್ಜಿ ಇದ್ಲು ಕಣಮ್ಮಾ" ಎಂದೆ. "ನಾನೇ ತಂದುಕೊಟ್ಟು ಸುಡಿಸ್ದೆ."