ನೀರಿನ ಕಾಕಾ ಹಾಕಿದ ಸಣ್ಣ ವಾಲ್ವ್

ಕಳೆದ ವಾರ ಹಿರೇಕೆರೂರಿನ ಗ್ಯಾರೇಜಿನಲ್ಲಿ ನನ್ನ ಕಾರಿನ ಬಾನೆಟ್ ಎತ್ತಿದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಬಿಸಿ ರಬ್ಬರು, ಬಿಸಿ ಕಬ್ಬಿಣ, ಅದರ ಜೊತೆಗೆ ಬೆಲ್ಲದ ಪಾಕ ತಳ ಹಿಡಿದಂಥ ಒಂದು ಸಿಹಿ. ಇಂಜಿನ್ನನ್ನು ತಂಪಾಗಿಡುವ ಕೂಲಂಟ್ ಕುದ್ದರೆ ಹೀಗೇ ನಾರುತ್ತದೆ. ಮೆಕ್ಯಾನಿಕ್ ಇಣುಕಿ ನೋಡಿ, ಥರ್ಮೋಸ್ಟಾಟ್ ವಾಲ್ವ್ ಹೋಗಿದೆ, ತೆಗೆದು ಒಗೆದರಾಯಿತು, ನಮ್ಮ ಕಡೆಯ ಬಿಸಿಲಿಗೆ ಅದರ ಅಗತ್ಯವೇ ಇಲ್ಲ ಎಂದ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಇಂಜಿನ್ನಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಬೇಕಾದವಳು. ಆದರೂ ಥಟ್ಟನೆ, "ವಾಲ್ವ್ ಅಂದ್ರ ಬಾಳಿಹಣ್ಣಿನ ಸಿಪ್ಪಿ ಅಲ್ಲ, ತೆಗದು ಒಗ್ಯಾಕ. ಹೊಸಾದು ಹಾಕ್ರಿ" ಎಂದುಬಿಟ್ಟೆ. ಆತ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಮಾತು ನನ್ನದಾಗಿರಲಿಲ್ಲ. ಸವಣೂರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕರದು.

ಅವರನ್ನು ಓಣಿಯ ಮಂದಿಯೆಲ್ಲ ನೀರಿನ ಕಾಕಾ ಎನ್ನುತ್ತಿದ್ದರು. ಮೂವತ್ತು ವರ್ಷ ಊರಿಗೆ ನೀರು ಬಿಟ್ಟವರು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಣಿ ಓಣಿ ತಿರುಗುವುದು, ರಸ್ತೆಯ ಗುಂಡಿಯಲ್ಲಿರುವ ವಾಲ್ವಿಗೆ ಅದನ್ನು ಸಿಕ್ಕಿಸಿ ತಿರುಗಿಸುವುದು, ಹೊತ್ತು ನೋಡಿ ಮತ್ತೆ ಬಂದ್ ಮಾಡುವುದು. ಊರ ಹೆಂಗಸರು ದೇವರನ್ನು ನೆನೆಯುವ ಮೊದಲು ಇವರನ್ನು ನೆನೆಯುತ್ತಿದ್ದರು, ಕೆಲವೊಮ್ಮೆ ಬೈಗುಳ ಸಮೇತ.

ಆ ಕೀಲಿಯ ದೆಸೆಯಿಂದ ಕಾಕಾ ಎಲ್ಲಿಗೂ ಹೋದವರಲ್ಲ. ಮದುವೆ, ಬಸುರಿಯರ ಕುಬಸ, ತೊಟ್ಟಿಲು, ಸಾವು, ಎಲ್ಲದಕ್ಕೂ ಅವರ ಹೆಂಡತಿ ಒಬ್ಬರೇ ಬಸ್ಸು ಹತ್ತುತ್ತಿದ್ದರು. ನಾನು ಅವರನ್ನು ಚಿಗವ್ವ ಎನ್ನುತ್ತಿದ್ದೆ. ಹಾನಗಲ್ಲಿನಲ್ಲಿ ಚಿಗವ್ವನ ಅಕ್ಕನ ಮನೆ. ತಂಗಿ ಚೀಲ ಹಿಡಿದು ಒಬ್ಬಳೇ ಬರುವುದು ಕಂಡರೆ ಸಾಕು, ಅಕ್ಕ ನೀರು ಕೊಡುವ ಮೊದಲೇ ಇವತ್ತೂ ಗಂಡ ನೀರು ಬಿಡಲು ಹೋದನೇನು ಎಂದು ಕೇಳುವವರು. ಕುಳಿತವರು ನಗುವವರು. ಚಿಗವ್ವನದು ಒಂದೇ ಉತ್ತರ: "ಅವರು ಎದ್ದು ಬಂದ್ರ ಊರ ಮಂದಿಗೆ ನೀರ ಯಾರ ಬಿಡಬೇಕು?" ಅಕ್ಕಿ ಆರಿಸುತ್ತ ನನಗೆ ಇದನ್ನು ಹೇಳಿದಾಗ ಅವರೂ ನಗುತ್ತಿದ್ದರು. ಆದರೆ ಕೈ ಮಾತ್ರ ಕಲ್ಲನ್ನು ಬಿಟ್ಟು ಅಕ್ಕಿಯನ್ನೇ ಆರಿಸಿ ಎಸೆಯುತ್ತಿತ್ತು.

ಇದು ಕಾಕಾನಿಗೆ ತಿಳಿಯದ ಸಂಗತಿಯೇನಲ್ಲ. ರಿಟೈರ್ ಆದ ತಿಂಗಳೇ ಅವರು ಯಾರದೋ ಹಳೆಯ ಬಿಳಿ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. ಇನ್ನು ನಿನ್ನನ್ನು ಬಸ್ಸಿನಲ್ಲಿ ಕಳಿಸುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟರು. ಡ್ರೈವಿಂಗ್ ಕಲಿತದ್ದೂ ಆಯಿತು. ಸ್ಟೇರಿಂಗನ್ನು ಎರಡೂ ತೋಳಿನಿಂದ, ಉಸಿರು ಬಿಗಿಹಿಡಿದು, ತುಕ್ಕು ಹಿಡಿದ ವಾಲ್ವ್ ತಿರುಗಿಸಿದ ಹಾಗೆ ತಿರುಗಿಸುತ್ತಿದ್ದರು.

ಮೊದಲ ಸವಾರಿ ಹಾನಗಲ್ಲಿಗೆ. ಚಿಗವ್ವ ಹೊಸ ಇಳಕಲ್ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕುಳಿತರು. ಬಂಕಾಪುರ ಇನ್ನೂ ಎರಡು ಮೈಲಿ ಇರುವಾಗ ಬಾನೆಟ್ಟಿನಿಂದ ಹೊಗೆಯಂತೆ ಆವಿ ಎದ್ದಿತು. ಕಾಕಾ ಇಳಿದು ಟವೆಲಿನಿಂದ ಗಾಳಿ ಹಾಕಿದರು. ಒಂದು ತಾಸು ಚಿಗವ್ವ ಬೇವಿನ ಮರದ ಕೆಳಗೆ ಕುಳಿತರು. ಅಷ್ಟರಲ್ಲಿ ಹಾನಗಲ್ ಬಸ್ಸು ಬಂತು. ಒಳಗೆ ಅಕ್ಕನ ಓಣಿಯವರೇ ಮೂರು ಮಂದಿ. ಅವರು ಕಿಟಕಿಯಿಂದ ಕರೆದರು, ಚಿಗವ್ವ ಎದ್ದು ಸೀರೆ ಝಾಡಿಸಿಕೊಂಡು ಹತ್ತಿಯೇಬಿಟ್ಟರು. ಗಂಡ, ಕಾರು, ಟವೆಲು ಮೂರೂ ರಸ್ತೆಯಲ್ಲೇ ಉಳಿದವು. ಮರುದಿನ ತಿರುಗಿ ಬಂದವರು ಒಂದೇ ಮಾತು ಹೇಳಿದರು: "ಇನ್ನ ಆ ಗಾಡ್ಯಾಗ ನಾ ಕಾಲ ಇಡೂದಿಲ್ಲ."

ಶಿಗ್ಗಾಂವದ ಮೆಕ್ಯಾನಿಕ್ಕನೊಬ್ಬ ಪರೀಕ್ಷೆ ಮಾಡಿ, ಥರ್ಮೋಸ್ಟಾಟ್ ಎಂಬ ವಾಲ್ವ್ ಒಳಗೇ ಕಚ್ಚಿಕೊಂಡಿದೆ, ಇಂಜಿನ್ನಿನ ಬಿಸಿನೀರು ರೇಡಿಯೇಟರಿಗೆ ಹೋಗಿ ಆರಲು ಅದು ದಾರಿ ಬಿಡುತ್ತಿಲ್ಲ ಎಂದ. ಅಲ್ಲಿಗೆ ಸರಿ. ಕಿತ್ತು ಒಗೆಯೋಣ ಎಂದಿದ್ದೇ ತಪ್ಪಾಯಿತು. ಮೂವತ್ತು ವರ್ಷ ವಾಲ್ವನ್ನೇ ನಂಬಿ ಉಂಡವರ ಮುಂದೆ ಆಡುವ ಮಾತೇ ಅದು? ಬಾಳೆಹಣ್ಣಿನ ಸಿಪ್ಪೆಯ ಮಾತು ಹುಟ್ಟಿದ್ದು ಅಲ್ಲಿಯೇ. ವಾಲ್ವಿಲ್ಲದ ಲೈನು ಎಂದರೆ ಕೆಳಗಿನ ಓಣಿಗೆ ಹೊಳೆ, ಮೇಲಿನ ಓಣಿಗೆ ಹನಿಯೂ ಇಲ್ಲ ಎಂದು ಆತನಿಗೆ ಅರ್ಧ ತಾಸು ಪಾಠ ಮಾಡಿ, ಹುಬ್ಬಳ್ಳಿಯಿಂದ ಹೊಸ ಥರ್ಮೋಸ್ಟಾಟ್ ತರಿಸಿಕೊಂಡು, ತಾವೇ ಮನೆಯಲ್ಲಿ ಕೂರಿಸುವುದೆಂದು ಹಟ ಹಿಡಿದರು.

ರವಿವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಸಹಾಯಕ್ಕೆ ನಾನು, ಬಾಡಿಗೆದಾರಳೆಂಬ ಒಂದೇ ಅಪರಾಧಕ್ಕೆ. ಕಾಕಾನ ಹತ್ತಿರ ಇದ್ದದ್ದೆಲ್ಲ ಊರಿನ ಪೈಪಿಗೆ ಬೇಕಾಗುವ ಪಾನಾಗಳು. ಅವುಗಳ ಮುಂದೆ ಆ ಇಂಜಿನ್ನು ಆಟಿಕೆ ಸಾಮಾನಿನ ಹಾಗೆ ಕಾಣುತ್ತಿತ್ತು. ಪಕ್ಕದ ಮನೆಯಿಂದ ಸಣ್ಣ ಪಾನಾ ತಂದೆವು. ತಣ್ಣಗಿದ್ದ ಇಂಜಿನ್ನಿನಿಂದ ನೀರು ಬಸಿದೆವು, ಮೇಲಿನ ದಪ್ಪ ರಬ್ಬರ್ ಪೈಪು ಬಿಚ್ಚಿದೆವು. ಅದರ ಬುಡದ ಎರಡು ಬೋಲ್ಟು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಾಕಾ ಸೀಮೆಎಣ್ಣೆ ಹಾಕಿ, ಪಕ್ಕದಲ್ಲಿ ಕುಳಿತು ಅವುಗಳ ಜೊತೆ ಮಾತಾಡಿದರು. ಮಾತಿಗೋ ಎಣ್ಣೆಗೋ, ಅಂತೂ ಸಡಿಲಾದವು. ಮುಚ್ಚಳ ತೆಗೆದರೆ ಒಳಗೆ ಲಿಂಬೆಹಣ್ಣಿನಷ್ಟು ದೊಡ್ಡದೊಂದು ಹಿತ್ತಾಳೆಯ ಸಾಮಾನು, ಒಂದು ಸ್ಪ್ರಿಂಗು. ಇಷ್ಟೇ? ಎಂದರು ಕಾಕಾ. ಅವರಿಗೆ ಅವಮಾನವಾದಂತಿತ್ತು.

ಹೊಸದರ ಡಬ್ಬಿಯ ಮೇಲೆ ಬರೆದದ್ದನ್ನು ನಾನು ಓದಿ ಹೇಳಿದೆ. ನೀರು ಎಂಬತ್ತೆರಡು ಡಿಗ್ರಿ ಕಾದರೆ ಇದು ತಾನೇ ತೆರೆಯುತ್ತದೆ, ಆರಿದರೆ ತಾನೇ ಮುಚ್ಚುತ್ತದೆ. ಕಾಕಾ ನಂಬಲಿಲ್ಲ. ಕೈ ಹಚ್ಚದೆ ತೆರೆಯುವ ವಾಲ್ವ್ ಲೋಕದಲ್ಲಿಲ್ಲ, ಇದ್ದರೆ ತಮಗೆ ಗೊತ್ತಿರುತ್ತಿತ್ತು ಎಂದರು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಅಡುಗೆಮನೆಗೆ ನುಗ್ಗಿದರು. ಚಿಗವ್ವ ಹಿತ್ತಲಲ್ಲಿದ್ದರು. ಒಲೆಯ ಮೇಲೆ ಹಾಲು ಕಾಯಿಸುವ ಬೋಗುಣಿ ಏರಿತು. ಸೌಟಿಗೆ ಎರಡು ದಾರ ಕಟ್ಟಿ, ಒಂದಕ್ಕೆ ಹಳೆಯ ವಾಲ್ವ್, ಇನ್ನೊಂದಕ್ಕೆ ಹೊಸದು ತೂಗುಬಿಟ್ಟು ಕಾದೆವು. ಬೋಗುಣಿಯ ತಳದಲ್ಲಿ ಗುಳ್ಳೆ ಎದ್ದವು. ಹಳೆಯದು ಮಿಸುಕಲಿಲ್ಲ. ಹೊಸದು ಮಾತ್ರ... ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ, ಮೆಲ್ಲಗೆ, ಯಾರ ಅಪ್ಪಣೆಗೂ ಕಾಯದೆ, ಬಾಯಿ ತೆರೆಯಿತು.

ಕಾಕಾ ಗ್ಯಾಸ್ ಆರಿಸಿದರು. ಅದು ಮುಚ್ಚಿಕೊಂಡಿತು. ಮತ್ತೆ ಹಚ್ಚಿದರು, ತೆರೆಯಿತು. ಹೀಗೆ ನಾಲ್ಕು ಸಲ. ಆಮೇಲೆ ಗ್ಯಾಸ್ ಕಟ್ಟೆಗೆ ಒರಗಿ ನಿಂತು, ಅದನ್ನೇ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದರು: "ಇಂಥಾದ್ದೊಂದು ಊರಿಗೆ ಇತ್ತಂದ್ರ ನಾನೂ ಎಲ್ಲಾ ಮದಿವಿಗೂ ಹೋಗ್ತಿದ್ನಿ, ಟೀಚರ್ರ."

ಹಿಂದೆ ನೋಡಿದರೆ ಬಾಗಿಲಲ್ಲಿ ಚಿಗವ್ವ ನಿಂತಿದ್ದರು. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ. ಅವರು ಮಾತಾಡಿದ್ದು ಬೋಗುಣಿಯ ಬಗ್ಗೆ ಮಾತ್ರ. ಅದು ಇನ್ನು ಅಡುಗೆಗೆ ಬರುವುದಿಲ್ಲ, ಹೊರಗೆ ಒಯ್ಯಿರಿ ಎಂದರು.

ಅಷ್ಟಾದ ಮೇಲೆ ಕಾಕಾ ಅದನ್ನು ತಿರುಗಾಮುರುಗಾ ಕೂರಿಸಿದರು! ಸ್ಪ್ರಿಂಗು ಇಂಜಿನ್ನಿನ ಕಡೆ ಇರಬೇಕೆಂದು ಡಬ್ಬಿಯ ಚಿತ್ರದಲ್ಲಿತ್ತು. ನಾನು ತೋರಿಸಿದೆ. ಅವರು ಕೇಳಲಿಲ್ಲ. ಯಾವ ವಾಲ್ವಿನದೇ ಆಗಲಿ, ಕೆಡುವ ಭಾಗ ಕೈಗೆ ಸಿಗುವ ಬಾಜುವಿಗೆ ಇರಬೇಕು, ನಾಳೆ ರಿಪೇರಿ ಬಂದರೆ ಇಂಜಿನ್ನಿನೊಳಗೆ ಯಾರು ಇಳಿಯುವವರು ಎಂದರು. ಮೂವತ್ತು ವರ್ಷ ರಸ್ತೆ ಅಗೆದವರ ಲೆಕ್ಕ. ನನಗೆ ಕನ್ನಡವಷ್ಟೇ ಕಲಿಸಿಕೊಂಡಿರಲು ಸೂಚನೆಯೂ ಬಂತು. ಸಿಟ್ಟು ಬಂದು ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಪರೀಕ್ಷೆಗೆಂದು ಮಧ್ಯಾಹ್ನ ಯಲವಿಗಿಯ ಕಡೆಗೆ ಹೊರಟೆವು. ರೈಲು ಸ್ಟೇಷನ್ ಕಾಣುವ ಮೊದಲೇ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಮತ್ತದೇ ಆವಿ, ಅದೇ ಸಿಹಿ ವಾಸನೆ, ಅದೇ ಟವೆಲು. ಕಾಕಾ ಕೇಳದಿದ್ದರೂ ನಾನು ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ಆ ಚಿತ್ರವನ್ನೇ ನೋಡಿದರು. ಕುದಿಯುವ ನೀರು ಆ ಕಡೆ ಇರುವಾಗ ಈ ಕಡೆ ಮುಖ ಮಾಡಿ ಕುಳಿತವನಿಗೆ ಸುದ್ದಿ ಮುಟ್ಟುವುದು ಹೇಗೆ ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಮುಖ ತಿರುಗಿಸಿ, ಚಿತ್ರ ಚೆನ್ನಾಗಿ ತೆಗೆದಿದ್ದಾರೆ ಎಂದರು. ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಅವರಿಂದ ನಾನು ಕೇಳಿದ್ದಿಲ್ಲ. ನಾಲ್ಕು ಕಡೆ ನಿಲ್ಲಿಸಿ, ಆರಿಸಿ, ಮನೆ ಮುಟ್ಟಿದೆವು. ಮರುದಿನ ನಾನು ಚಹಾ ಕುಡಿಯುವಷ್ಟರಲ್ಲಿ ಅದನ್ನು ಸರಿಯಾಗಿ ಕೂರಿಸಿ ಮುಗಿಸಿದ್ದರು.

ಕಾರು ಈಗ ಸರಿಯಾಯಿತು. ಕಾಕಾ ಒಬ್ಬರೇ ಶಿಗ್ಗಾಂವಕ್ಕೆ ಎರಡು ಸಲ ಹೋಗಿ ಬಂದರು, ಮುಳ್ಳು ನಡುವೆಯೇ ನಿಂತಿತ್ತು. ಸರಿಯಾಗದೆ ಉಳಿದವರು ಚಿಗವ್ವ. ಗಂಡನ ಮಾತನ್ನು ಅವರು ನಂಬಲಿಲ್ಲ, ನಾನು ಹಿಂದಿನ ಸೀಟಿನಲ್ಲಿ ಜೊತೆಗೆ ಬಂದರೆ ಕೂಡುತ್ತೇನೆ ಎಂದರು. ಆ ದಿನ ಕಾಕಾ ರಸ್ತೆಗಿಂತ ಮುಳ್ಳನ್ನೇ ಹೆಚ್ಚು ನೋಡಿದರು, ಹೀಗಾಗಿ ರಸ್ತೆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಬೇವಿನ ಮರ ಬಂದಾಗ ಚಿಗವ್ವ ಬಾಗಿಲ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದರು. ಮರ ಹಿಂದೆ ಹೋಯಿತು. ಬಂಕಾಪುರವೂ ಹೋಯಿತು.

ಹಾನಗಲ್ಲಿನಲ್ಲಿ ಅಕ್ಕನ ಮನೆಯ ಬಾಗಿಲಿಗೇ ಕಾರು ನಿಂತಿತು. ಚಿಗವ್ವ ಇಳಿಯಲಿಲ್ಲ. ಅಕ್ಕ ಹೊರಗೆ ಬಂದು, ಕಾರನ್ನು ನೋಡಿ, ಕಾಕಾನನ್ನು ನೋಡಿ, ಹತ್ತಿರ ಬರುವವರೆಗೂ ಕುಳಿತೇ ಇದ್ದರು. ಅಕ್ಕನಿಗೆ ಹಳೆಯ ಚಟ ಬಿಡಲಿಲ್ಲ. "ಇವತ್ತ ಊರಿಗೆ ನೀರ ಯಾರ ಬಿಡ್ತಾರವಾ?" ಎಂದರು.

"ಯಾರರ ಬಿಡ್ಲಿ" ಎಂದರು ಚಿಗವ್ವ, ಬಾಗಿಲು ತೆರೆದು ಇಳಿಯುತ್ತ.

ಕಾಕಾ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕಣ್ಣೊರೆಸಿಕೊಳ್ಳಲು ಗಂಡಸರಿಗೆ ಅದೊಂದು ಒಳ್ಳೆಯ ಜಾಗ.

ಆಮೇಲೆ ಇಬ್ಬರೂ ಹೋಗದ ಮದುವೆಯಿಲ್ಲ. ಕರೆಯದಿದ್ದಲ್ಲಿಗೂ ಹೋದರೆಂದು ಓಣಿಯವರು ಆಡಿಕೊಳ್ಳುತ್ತಿದ್ದರು. ನನಗೆ ಹಿರೇಕೆರೂರಿಗೆ ವರ್ಗವಾಯಿತು. ಕಾಕಾ ತೀರಿಕೊಂಡದ್ದು ವಾರ್ಷಿಕ ಪರೀಕ್ಷೆಯ ದಿನಗಳಲ್ಲಿ. ಬೆಳಿಗ್ಗೆ ಫೋನು ಬಂದಾಗ ಪ್ರಶ್ನೆಪತ್ರಿಕೆಯ ಕಟ್ಟು ನನ್ನ ಕೈಯಲ್ಲಿತ್ತು. ಇನ್ನೊಬ್ಬರಿಗೆ ಒಪ್ಪಿಸಬಹುದಿತ್ತು. ಪೇಪರ್ ಮುಗಿಸಿಯೇ ಹೋಗೋಣ ಎಂದುಕೊಂಡೆ... ನಾನು ಸವಣೂರು ಮುಟ್ಟಿದಾಗ ಎಲ್ಲ ಮುಗಿದಿತ್ತು. ಇಷ್ಟು ವರ್ಷ ಮನೆಮಗಳ ಹಾಗಿದ್ದವಳು ಮುಖ ನೋಡುವುದಕ್ಕೂ ಬರಲಿಲ್ಲವಲ್ಲ ಎಂದು ಕುಳಿತ ಹೆಂಗಸರಲ್ಲಿ ಒಬ್ಬಾಕೆ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಹೇಳಿದರು: "ಆಕಿ ಎದ್ದು ಬಂದ್ರ ಮಕ್ಕಳ ಪರೀಕ್ಷಾ ಯಾರ ನಡಸಬೇಕು?"

ಅದೇ ಮಾತು, ಅದೇ ದನಿ. ನನಗೆ ಆಗ ಅಳು ಬಂತು. ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು.

ಹಿರೇಕೆರೂರಿನ ಮೆಕ್ಯಾನಿಕ್ ಗೊಣಗುತ್ತಲೇ ಹೊಸದನ್ನು ಹಾಕಿದ. ಮಾರನೆಯ ದಿನ ಗುರುವಾರ. ಶಾಲೆಯ ಕಡೆ ಹೊರಟ ಕಾರನ್ನು ಸವಣೂರಿನ ದಾರಿಗೆ ತಿರುಗಿಸಿದೆ. ಮುಳ್ಳು ನಡುವೆಯೇ ಇತ್ತು, ಅದನ್ನು ಹೇಳಿ ಖುಷಿಪಡಿಸಲು ಕಾಕಾ ಇರಲಿಲ್ಲ. ಅವರಿಲ್ಲದ ಅಂಗಳಕ್ಕೆ ಕಾರು ತಂದು ನಿಲ್ಲಿಸುವುದು ನನಗೆ ಬಹಳ ಕಷ್ಟವಾಯಿತು. ಚಿಗವ್ವ ಹೊರಗೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಇವತ್ತ ಸಾಲಿ ಇಲ್ಲೇನ?" ಎಂದರು.

"ಐತ್ರಿ ಚಿಗವ್ವಾ" ಎಂದೆ. "ಬಿಟ್ಟ ಬಂದೇನಿ."