ಬ್ರೆಡ್ಡಿನ ಅಚ್ಚಿನಲ್ಲಿ ಏಳು ಕೀ

ನಮ್ಮ ಯಜಮಾನರು ಬೇಕರಿಯ ವ್ಯಾನ್ ಓಡಿಸುತ್ತಿದ್ದರು. ಹತ್ತೊಂಬತ್ತು ವರ್ಷ. ಬೆಳಿಗ್ಗೆ ಐದಕ್ಕೆ ಬಿಸಿ ಬ್ರೆಡ್ ತುಂಬಿಕೊಂಡು ಹೊರಟರೆ ಏಳರೊಳಗೆ ಅಂಗಡಿಗಳಿಗೆಲ್ಲ ಮುಟ್ಟಿಸಿ ಬರುತ್ತಿದ್ದರು. ಬೇಕರಿಯವರು ಅವರನ್ನು ಗಡಿಯಾರ ಎಂದು ಕರೆಯುತ್ತಿದ್ದರು. ನಾನೂ ಅಲ್ಲೇ ಕೆಲಸ ಮಾಡುತ್ತೇನೆ, ಬ್ರೆಡ್ಡಿಗೆ ಕಾಗದ ಸುತ್ತುತ್ತೇನೆ.

ಅವರದ್ದು ಮಾತು ಕಡಿಮೆ. ಸಿಟ್ಟು ಬಂದರೆ ಹೋಗಿ ವ್ಯಾನ್ ಒರೆಸುತ್ತಿದ್ದರು. ಅಡುಗೆಗೆ ಉಪ್ಪು ಹೆಚ್ಚಾದರೆ ಹೇಳುತ್ತಿರಲಿಲ್ಲ, ಎರಡು ಲೋಟ ನೀರು ಕುಡಿಯುತ್ತಿದ್ದರು. ಒಂದೇ ದೋಷ. ಯಾರಾದರೂ ಪ್ರೀತಿಯಿಂದ ಏನಾದರೂ ಕೊಟ್ಟರೆ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ನನ್ನ ಮೈದುನನಿಗೂ ಅದೇ ಕಾಯಿಲೆ. ಮನೆತನದ್ದೇ ಇರಬೇಕು.

ಬೇಕರಿಗೆ ವರ್ಷದ ಕೊನೆಯಲ್ಲಿ ಒಂದು ದಿನ ರಜೆ. ಒಲೆ ಆರುವುದು ಅದೊಂದೇ ದಿನ. ಬೇಕರಿಯವರದ್ದು ರಾತ್ರಿ ಕೆಲಸ, ಹಾಗಾಗಿ ಪಾರ್ಟಿಯೂ ಬೆಳಿಗ್ಗೆಯೇ. ಬೇರೆಯವರು ತಿಂಡಿ ತಿನ್ನುವ ಹೊತ್ತಿಗೆ ಬೇಕರಿಯ ಹಿಂದಿನ ಶೆಡ್ಡಿನಲ್ಲಿ ಬಾಟಲಿ ತೆರೆಯುತ್ತಾರೆ. ಮಧ್ಯಾಹ್ನ ಮೂರಕ್ಕೆ ತೂರಾಡುತ್ತ ಹೊರಡುತ್ತಾರೆ. ರಜೆ ದಿನ, ರಸ್ತೆಯ ತುಂಬ ಮಕ್ಕಳು. ಒಂದು ವರ್ಷ ಒಲೆ ಕೆಲಸದವನು ಬೈಕಿನಲ್ಲಿ ಹೋಗಿ ಒಬ್ಬ ಹುಡುಗಿಯ ಸೈಕಲ್ಲಿಗೆ ಗುದ್ದಿದ. ಹುಡುಗಿಯ ಮೊಣಕೈ ಮುರಿಯಿತು. ಮುಂದಿನ ವರ್ಷ ನಮ್ಮ ಯಜಮಾನರು ಶೆಡ್ಡಿನ ಬಾಗಿಲಲ್ಲಿ ನಿಂತರು. ಕೈಯಲ್ಲಿ ಬ್ರೆಡ್ ಬೇಯಿಸುವ ತಗಡಿನ ಅಚ್ಚು.

"ಗಾಡಿ ಕೀ ಇದರಲ್ಲಿ ಹಾಕಿ. ಆಮೇಲೆ ಗ್ಲಾಸ್ ಮುಟ್ಟಿ."

"ಏನು ಗಡಿಯಾರಣ್ಣ, ನಮ್ಮನ್ನ ಚಿಕ್ಕ ಮಕ್ಕಳು ಅಂದ್ಕೊಂಡ್ಯಾ?" ಎಂದ ಒಲೆಯವನು.

"ಮಕ್ಕಳಾಗಿದ್ರೆ ಹೇಳಿದ ಮಾತು ಕೇಳ್ತಿದ್ರಿ. ಹಾಕು."

ಹಾಕಿದ. ಉಳಿದವರೂ ಹಾಕಿದರು. ಕೀ ವಾಪಸ್ ಸಿಗುತ್ತಿದ್ದದ್ದು ಮರುದಿನ ಕೆಲಸಕ್ಕೆ ಬಂದಾಗಲೇ. ಊಟ ಮುಗಿದ ಮೇಲೆ ಅವರೇ ಎಲ್ಲರನ್ನೂ ವ್ಯಾನಿಗೆ ಹತ್ತಿಸಿಕೊಂಡು ಮನೆಮನೆಗೆ ಬಿಟ್ಟುಬರುತ್ತಿದ್ದರು. ಟ್ರೇ ತೆಗೆದ ಜಾಗದಲ್ಲಿ ಒತ್ತಿಕೊಂಡು ಕೂತವರು, "ಇವತ್ತು ನಾವೇ ಬ್ರೆಡ್ಡು. ಬೇಗ ಇಳಿಸಪ್ಪಾ, ಹಳಸಿಬಿಡ್ತೀವಿ" ಎಂದು ಕೂಗುತ್ತಿದ್ದರು. ಐದು ವರ್ಷ ಹೀಗೆ ನಡೆಯಿತು. ಯಾರಿಗೂ ಒಂದು ಗೀರೂ ಬೀಳಲಿಲ್ಲ.

ಹೋದ ವರ್ಷ, ಅದೇ ದಿನ, ಸಂಜೆ ನಾಲ್ಕೂವರೆಗೆ ಅವರು ಸತ್ತರು. ಎಲ್ಲರನ್ನೂ ಇಳಿಸಿ ಬರುವಾಗ ವ್ಯಾನ್ ಸೇತುವೆಯ ಗೋಡೆಗೆ ಹೊಡೆಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಬಂದವರೆಲ್ಲ ಅದನ್ನೇ ನನಗೆ ಸಮಾಧಾನವೆಂದು ಹೇಳಿದರು.

ಕುಡಿದಿದ್ದರು ಎಂದು ಪೊಲೀಸರು ಹೇಳಿದರು. ನಾನು ಒಪ್ಪಲಿಲ್ಲ. ಪಾರ್ಟಿಯಲ್ಲಿ ಅವರ ಪಕ್ಕದಲ್ಲೇ ಕೂತಿದ್ದೆ. ಸೋಡಾ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ತಿಂಗಳು ಕಳೆದ ಮೇಲೆ ಅವರು ಹೋದ ದಾರಿಯಲ್ಲೇ ನಡೆದು ಏಳು ಮನೆಗೂ ಹೋಗಿ ಕೇಳಿದೆ.

"ಒಂದೇ ಗುಟುಕು ಅಕ್ಕಾ. ಅಷ್ಟು ದೂರ ಬಿಡೋಕೆ ಬಂದವರನ್ನ ಬಾಗಿಲಿಂದ ಹಾಗೇ ಕಳಿಸೋದು ಹೇಗೆ?" ಎಂದ ಒಲೆಯವನು. ಹಿಟ್ಟು ಕಲಸುವವನು, "ಅರ್ಧ ಗ್ಲಾಸೂ ಇರಲಿಲ್ಲ, ನನ್ನಾಣೆ" ಎಂದ. ಕೊನೆಯದು ಬೇಕರಿ ಮೇಸ್ತ್ರಿಯ ಮನೆ. ಮೇಸ್ತ್ರಿಯ ಹೆಂಡತಿ ಅಳುತ್ತ ಹೇಳಿದಳು, "ಬೇಡ ಅನ್ನಲೇ ಇಲ್ಲಮ್ಮ. ನಗ್ತಾನೇ ತಗೊಂಡ್ರು."

ಮುಂಚಿನ ವರ್ಷಗಳಲ್ಲೂ ಕೊಡುತ್ತಿದ್ದರಂತೆ. ಆಗ ಮೂರು ಮನೆ, ಆಮೇಲೆ ನಾಲ್ಕು. ಹೋದ ವರ್ಷ ಏಳು. ಹಿಂದಿನ ವರ್ಷಗಳಲ್ಲಿ ಆ ದಿನ ಅವರು ಮನೆಗೆ ಬಂದವರೇ ಸ್ನಾನ ಮಾಡಿ ಮಲಗಿಬಿಡುತ್ತಿದ್ದರು. ದಣಿದಿದ್ದಾರೆ ಅಂದುಕೊಂಡಿದ್ದೆ.

ವ್ಯಾನ್ ರಿಪೇರಿಯಾಗಿ ಬಂತು. ಈಗ ಅದನ್ನು ಮೈದುನ ಓಡಿಸುತ್ತಾನೆ. ಅವನಿಗೆ ಇಬ್ಬರು ಸಣ್ಣ ಮಕ್ಕಳು.

ಈ ವರ್ಷವೂ ರಜೆ ಬಂತು. ಅಚ್ಚು ಹಿಡಿದು ಬಾಗಿಲಲ್ಲಿ ನಾನು ನಿಂತೆ. ಯಾರೂ ತಮಾಷೆ ಮಾಡಲಿಲ್ಲ. ಏಳು ಕೀ ಬಿದ್ದವು. ಮೂರು ಗಂಟೆಗೆ ಅಚ್ಚನ್ನು ಮಡಿಲಲ್ಲಿ ಇಟ್ಟುಕೊಂಡು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತೆ.

"ಅತ್ತಿಗೆ, ನೀವ್ಯಾಕೆ? ಮನೆಗೆ ಹೋಗಿ."

"ನೀನು ಗಾಡಿಯಿಂದ ಇಳೀಬಾರದು. ಬಾಗಿಲಿಗೆ ನಾನು ಹೋಗ್ತೀನಿ."

"ಒಳಗೆ ಬಾ ಅಂತಾರೆ. ಬರಲ್ಲ ಅಂದ್ರೆ ಬೇಜಾರಾಗ್ತಾರೆ."

"ಆಗಲಿ. ಹೋದ ವರ್ಷ ಯಾರೂ ಬೇಜಾರಾಗಲಿಲ್ಲ."

ಅವನು ವ್ಯಾನ್ ಸ್ಟಾರ್ಟ್ ಮಾಡಿದ.

ಒಲೆಯವನು ಇಳಿದು, ಅಭ್ಯಾಸಬಲದಿಂದ "ಬಾರೋ ತಮ್ಮಾ" ಎಂದವನು ನನ್ನ ಮುಖ ನೋಡಿ ಒಬ್ಬನೇ ಒಳಗೆ ಹೋದ. ಆರು ಮನೆ ದಾಟಿದೆವು. ಏಳನೆಯ ಮನೆಯಲ್ಲಿ ಮೇಸ್ತ್ರಿಯನ್ನು ಹಿಡಿದು ಇಳಿಸುತ್ತಿದ್ದೆ. ಅಷ್ಟರಲ್ಲಿ ಅವನ ಹೆಂಡತಿ ಗ್ಲಾಸ್ ಹಿಡಿದು ವ್ಯಾನಿನ ಕಿಟಕಿಯ ಹತ್ತಿರವೇ ಬಂದಿದ್ದಳು.

"ಇಳಿಯೋದು ಬೇಡಪ್ಪ, ಕೂತಲ್ಲೇ ತಗೋ. ರಜೆ ದಿನ, ಇಷ್ಟೇ ಇಷ್ಟು."

ಮೈದುನನ ಕೈ ಕಿಟಕಿಯಿಂದ ಹೊರಗೆ ಬಂದಿತ್ತು. ನಾನು ಮೇಸ್ತ್ರಿಯನ್ನು ಅಲ್ಲೇ ಬಿಟ್ಟು ಆ ಕಡೆ ಹೋದೆ.

"ಇದು ಏಳನೆಯದು," ಎಂದೆ.

"ಎಲ್ಲಿಯ ಏಳು? ನಾನು ತಂದಿರೋದು ಒಂದೇ."

"ಎಲ್ಲರೂ ಒಂದೊಂದೇ ಕೊಟ್ಟಿದ್ದು. ಹೋದ ವರ್ಷ ಏಳನೆಯದು ನಿಮ್ಮದು."

ಮೇಸ್ತ್ರಿ ಗೇಟು ಹಿಡಿದುಕೊಂಡು, "ಚೆಲ್ಲೇ ಅದನ್ನ" ಎಂದ. ಅವಳು ರಸ್ತೆಗೆ ಚೆಲ್ಲಿದಳು. "ನೀರು ಕೊಡಲಾ?" ಎಂದಳು.

"ಕೊಡಿ ಅಕ್ಕಾ," ಎಂದ ಮೈದುನ. ಒಂದೇ ಉಸಿರಿಗೆ ಕುಡಿದ. ಬಾಯಾರಿದ್ದ.

ಬರುವಾಗ ಅದೇ ಸೇತುವೆ. ಗೋಡೆಗೆ ಹೊಸ ಇಟ್ಟಿಗೆ ಹಾಕಿದ್ದಾರೆ. ಅವನು ನಿಧಾನವಾಗಿ ದಾಟಿಸಿದ. ಬೇಕರಿಯ ಮುಂದೆ ವ್ಯಾನ್ ನಿಲ್ಲಿಸಿ, ಕೀ ತೆಗೆದು, ನನ್ನ ಮಡಿಲಿನ ಅಚ್ಚಿಗೆ ಹಾಕಿದ.

"ಇನ್ನೂ ದಿನ ಮುಗಿದಿಲ್ಲ ಅತ್ತಿಗೆ. ಯಾರಾದರೂ ಕರೆದರೆ ನಾನು ಹೋಗಿಬಿಡ್ತೀನಿ. ಇದೂ ನಿಮ್ಮ ಹತ್ರ ಇರಲಿ."

ನಮ್ಮ ಯಜಮಾನರು ಅಷ್ಟು ವರ್ಷ ಎಲ್ಲರ ಕೀ ಈಸಿಕೊಂಡರು. ಅವರ ಕೀ ಕೊಡಿ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎಂಟು ಕೀ. ಅಚ್ಚನ್ನು ಸೆರಗಿನಲ್ಲಿ ಕಟ್ಟಿಕೊಂಡೆ. ಇಬ್ಬರೂ ನಡೆದೇ ಮನೆಗೆ ಬಂದೆವು.